ಕಾರಂಜಿ ಅಕ್ಕನಿಗೆ ಅರ್ಥವಾಗದ ಗಾಳಿ

ಬೆಳಿಗ್ಗೆ ಐದೂಮುಕ್ಕಾಲು. ಕೋರ್ಟು, ಅಂಚೆ ಕಚೇರಿ, ಅದರೆದುರಿನ ಲೈಬ್ರರಿ, ಮೂರರ ಬಾಗಿಲೂ ಇನ್ನೂ ತೆರೆದಿಲ್ಲ. ನಡುವಿನ ಚೌಕದ ಕಾರಂಜಿಯಲ್ಲಿ ಹೆಂಗಸೊಬ್ಬರು ಮೊಣಕಾಲುದ್ದ ನೀರಿನಲ್ಲಿ ನಿಂತು, ಜಾಲರಿಗೆ ಅಂಟಿದ ಎಲೆ ಬಿಡಿಸುತ್ತಿದ್ದಾರೆ. ಆಮೇಲೆ ಕಬ್ಬಿಣದ ಏಣಿ ಇಳಿದು ಪಂಪ್ ಕೋಣೆಗೆ ಹೋಗಿ, ವಾಲ್ವ್ ಒಂದೂವರೆ ಸುತ್ತು ತಿರುಗಿಸಿ, ಓಡೋಡಿ ಮೇಲೆ ಬರುತ್ತಾರೆ. ನೀರು ಎತ್ತ ಬೀಳುತ್ತಿದೆ ಎಂದು ನೋಡಿ, ಮತ್ತೆ ಇಳಿದು ಕಾಲು ಸುತ್ತು ತಗ್ಗಿಸುತ್ತಾರೆ. "ಇವತ್ತೂ ಪೂರ್ತಿ ಅರ್ಥ ಆಗ್ಲಿಲ್ಲ," ಎನ್ನುತ್ತಾರೆ, ಮುಖ ಒರೆಸಿಕೊಳ್ಳುತ್ತ.

ಚೌಕದವರಿಗೆಲ್ಲ ಇವರು ಕಾರಂಜಿ ಅಕ್ಕ. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ಸುತ್ತ ಹನ್ನೊಂದು ಸಣ್ಣ ಚಿಲುಮೆ, ನಡುವೆ ಮೂವತ್ತಡಿ ಏರುವ ದೊಡ್ಡದೊಂದು. ಈಗೀಗ ದಿನಕ್ಕೆ ನಲವತ್ತು ಸಲವಾದರೂ ಏಣಿ ಹತ್ತಿಳಿಯುತ್ತಾರೆ. ಮೊದಲು ಹೀಗಿರಲಿಲ್ಲ. ಕೋರ್ಟಿನ ಗೋಪುರದ ಬಾವುಟ ನೋಡಿದರೆ ಸಾಕಿತ್ತು, ಗಾಳಿ ಎತ್ತ, ಎಷ್ಟು ಎಂದು ತಿಳಿಯುತ್ತಿತ್ತು; ದಾರಿಹೋಕರ ಮೇಲೆ ಬೀಳದಂತೆ ನೀರಿನ ಎತ್ತರ ಹೊಂದಿಸುತ್ತಿದ್ದರು.

ಎಂಟು ತಿಂಗಳ ಹಿಂದೆ ಅಂಚೆ ಕಚೇರಿಯ ಹಿಂದೆ ಹದಿನಾಲ್ಕು ಮಹಡಿಯ ಗಾಜಿನ ಕಟ್ಟಡ ಎದ್ದಿತು. ಗೊಂದಲ ಶುರುವಾದದ್ದು ಆಗಲೇ. "ಬಾವುಟ ಅಂಚೆ ಕಚೇರಿ ಕಡೆ ಹಾರ್ತಿದ್ರೆ ನೀರು ಲೈಬ್ರರಿ ಕಡೆ ಹೋಗ್ತಿತ್ತು. ವಾಲ್ವ್ ಅದೇ, ಕೈ ಅದೇ. ನನ್ನ ತಲೆನೇ ಕೆಟ್ಟಿದೆಯೇನೋ ಅಂದ್ಕೊಂಡೆ."

ಒಂದು ಬೆಳಿಗ್ಗೆ ಲೈಬ್ರರಿ ಮೆಟ್ಟಿಲ ಬಳಿ ನಿಲ್ಲಿಸಿದ್ದ ಗಾಡಿ ತುಂಬ ಪುಸ್ತಕ ತೊಯ್ದು ತೊಪ್ಪೆಯಾದವು. ನಿಲ್ಲಿಸಿದ್ದವಳು ಅಲ್ಲೇ ಕೆಲಸ ಮಾಡುವ ಅಕ್ಕನ ನಾದಿನಿ. "ಅತ್ತಿಗೆ, ಮನೇದೇನಾದ್ರೂ ಸಿಟ್ಟಿದ್ರೆ ಬಾಯಲ್ಲಿ ಹೇಳಿ. ನೀರು ಯಾಕೆ ಎರಚ್ತೀರಾ?" ಎಂದಳಂತೆ. ಈಗ ಅಕ್ಕ ನಗುತ್ತಾರೆ, ಆವತ್ತು ನಗು ಬಂದಿರಲಿಲ್ಲ. ದೂರು ಹೋಯಿತು. ಹದಿನೈದು ದಿನದಲ್ಲಿ ಸರಿಹೋಗದಿದ್ದರೆ ಕಾರಂಜಿ ಕಾಯಂ ಬಂದ್ ಎಂದು ನಗರಸಭೆ ಕಚೇರಿಯಿಂದ ನೋಟಿಸ್ ಬಂತು. ಕಾರಂಜಿ ನಿಂತರೆ ಅಕ್ಕನ ಕೆಲಸವೂ ಹೋದಂತೆಯೇ.

ಅವರ ಯಜಮಾನರು ದರ್ಜಿ. ಹೊಲಿದು ಉಳಿದ ಕೆಂಪು ಬಟ್ಟೆಯನ್ನು ಪಟ್ಟಿ ಪಟ್ಟಿಯಾಗಿ ಕತ್ತರಿಸಿ ಕೊಟ್ಟರು. ಅಕ್ಕ ಅವನ್ನು ತೊಟ್ಟಿಯ ಸುತ್ತಲಿನ ಕಂಬಿಗಳಿಗೆಲ್ಲ ಕಟ್ಟಿ ಒಂಬತ್ತು ದಿನ ಕಣ್ಣಿಟ್ಟು ನೋಡಿದರು. ಮೇಲಿನ ಗಾಳಿ ಗಾಜಿಗೆ ಬಡಿದು, ಕೆಳಗಿಳಿದು, ಚೌಕಕ್ಕೇ ವಾಪಸ್ ಬರುತ್ತಿತ್ತು. ಬಾವುಟಕ್ಕೆ ಮೇಲಿನದಷ್ಟೇ ಗೊತ್ತು. ಅಂದಿನಿಂದ ಅಕ್ಕ ಬಾವುಟ ಬಿಟ್ಟು ಪಟ್ಟಿ ನೋಡಿ ವಾಲ್ವ್ ತಿರುಗಿಸತೊಡಗಿದರು.

ಪರಿಶೀಲನೆಗೆ ಬಂದ ಎಂಜಿನಿಯರ್ ನಂಬಲಿಲ್ಲ. "ಸಾರ್, ಪಟ್ಟಿ ತಿರುಗ್ತಿದೆ. ಸ್ವಲ್ಪ ಈ ಕಡೆ ಬಂದ್ಬಿಡಿ," ಎಂದರು ಅಕ್ಕ.

"ಬಾವುಟ ನೋಡಮ್ಮ, ನೀರು ಆ ಕಡೆ ಹೋಗುತ್ತೆ," ಎಂದು ಅವರು ನಿಂತಲ್ಲೇ ನಿಂತರು. ಅರೆನಿಮಿಷದಲ್ಲಿ ಕನ್ನಡಕದ ಸಮೇತ ನೆಂದುಹೋದರು. ಅದೇ ವಾರ ನೋಟಿಸ್ ರದ್ದಾಯಿತು.

ಗೊಂದಲ ಮಾತ್ರ ಇನ್ನೂ ಮುಗಿದಿಲ್ಲ. ಮಧ್ಯಾಹ್ನ ಮೂರರ ಹೊತ್ತಿಗೆ ಪಟ್ಟಿಗಳು ಒಂದೊಂದು ಒಂದೊಂದು ದಿಕ್ಕಿಗೆ ಹಾರುತ್ತವೆ. ಯಾಕೆಂದು ಎಂಜಿನಿಯರಿಗೂ ತಿಳಿಯದು. "ಗೊತ್ತಾಗ್ದೇ ಇದ್ದಾಗ ಚಿಮ್ಮೋ ನೀರನ್ನ ಸೊಂಟದ ಮಟ್ಟಕ್ಕೆ ಇಳಿಸ್ತೀನಿ. ಗೊತ್ತಿಲ್ಲ ಅನ್ನೋಕೆ ನನಗೇನು ನಾಚಿಕೆ?"

ಆಸೆಯೇನಾದರೂ ಇದೆಯೇ ಎಂದರೆ ಗಾಜಿನ ಕಟ್ಟಡದ ತುದಿಗೆ ಕೈ ತೋರಿಸುತ್ತಾರೆ. ಪಾಸಿಲ್ಲವೆಂದು ಅಲ್ಲಿನ ಕಾವಲುಗಾರ ಎರಡು ಸಲ ವಾಪಸ್ ಕಳಿಸಿದ್ದಾನೆ.

"ಒಂದೇ ಒಂದು ಸಲ ಅಲ್ಲಿಂದ ನೋಡ್ಬೇಕು, ಗಾಳಿ ಎಲ್ಲಿ ತಿರುಗುತ್ತೆ ಅಂತ. ಕೆಳಗೆ ನಿಂತೇ ಇಷ್ಟು ಕಂಡುಹಿಡಿದಿದೀನಿ ನೋಡಿ."