ಅಕ್ಕನ ದನಿ ಇದ್ದ ಡಿಸ್ಕ್

ಹಳೆಯ ಬೆಳೆ ಮುಗಿದು, ಹೊಸ ರೇಷ್ಮೆ ಹುಳು ತರುವ ಮೊದಲು ಹುಳುಮನೆಗೆಲ್ಲ ಬ್ಲೀಚಿಂಗ್ ಪುಡಿಯ ನೀರು ಹೊಡೆದು, ಮೂಗು ಉರಿಸಿಕೊಂಡು ನಾನು ಒಳಗೆ ಬಂದಿದ್ದೆ. ನಡುಮನೆಯ ಪಕ್ಕದ ಕೋಣೆಯಲ್ಲಿ ಅಕ್ಕ ಕಂಪ್ಯೂಟರಿನ ಮುಂದೆ ಕೂತಿದ್ದಳು. ಅದನ್ನು ಆಗಷ್ಟೇ ಹಾಕಿದ್ದಳು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಬಂದು ನಿಂತಿತು. ಹಾರ್ಡ್ ಡಿಸ್ಕ್ ಕೆಡುವ ಲಕ್ಷಣ ಕಾಣುತ್ತಿದೆ, ಒಳಗಿರುವುದನ್ನು ಬೇರೆ ಕಡೆ ಉಳಿಸಿಕೊಳ್ಳಿ, ಮುಂದುವರಿಯಬೇಕಾದರೆ ಎಫ್ ಒನ್ ಒತ್ತಿ ಎಂದು ಇಂಗ್ಲಿಷಿನಲ್ಲಿತ್ತು. ನಾನು ಓದಿ ಮುಗಿಸುವಷ್ಟರಲ್ಲಿ ಅಕ್ಕ ಎಫ್ ಒನ್ ಒತ್ತಿಬಿಟ್ಟಳು. ಹುಡುಕಲಿಲ್ಲ, ತಡವರಿಸಲಿಲ್ಲ. ಇದು ಇವತ್ತಿನ ಮಾತಲ್ಲ ಎಂದು ನನಗೆ ಗೊತ್ತಾಯಿತು.

ಆ ಡಿಸ್ಕಿನಲ್ಲಿ ಅಕ್ಕನ ದನಿ ಇತ್ತು. ಬೇರೆಲ್ಲೂ ಇರಲಿಲ್ಲ, ಅವಳ ಗಂಟಲಲ್ಲೂ ಇರಲಿಲ್ಲ.

ಭಾವ ಹೋದ ಮೇಲೆ ಅಕ್ಕ ನಮ್ಮ ಜೊತೆಗೇ ಇದ್ದಾಳೆ. ನಮ್ಮೂರು ಅಕ್ಕೂರಿನ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಸೋಬಾನೆ ಪದ ಹೇಳಲು ಅವಳನ್ನೇ ಕರೆಯುತ್ತಿದ್ದರು. ಗಂಟಲಲ್ಲಿ ಗೆಡ್ಡೆ ಎಂದು ಗೊತ್ತಾಗಿ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದು ಡಾಕ್ಟರು ಹೇಳಿದಾಗ, ಆಪರೇಷನ್ನಿಗೆ ಮುಂಚೆ ಅವಳನ್ನು ಕೂರಿಸಿಕೊಂಡು ಹಾಡಿಸಿದೆ. ದನಿ ಆಗಲೇ ಒಡೆದಿತ್ತು. ಆದರೂ ಬೇಸರವಿಲ್ಲದೆ ಹಾಡಿದಳು. ಎಲ್ಲವನ್ನೂ ಮೊಬೈಲಿನಲ್ಲಿ ಹಿಡಿದು, ಆಮೇಲೆ ಕಂಪ್ಯೂಟರಿಗೆ ಹಾಕಿದೆ. ಮೊಬೈಲು ಕೆಟ್ಟು ಮೂಲೆ ಸೇರಿತು. ಒಮ್ಮೆ ಹಾಡು ಹಾಕಿದಾಗ ಅಕ್ಕ ಎದ್ದು ಹಿತ್ತಲಿಗೆ ಹೋಗಿಬಿಟ್ಟಳು. ಅವಳಿಗೆ ನೋವಾಗುತ್ತದೆ ಎಂದುಕೊಂಡು ನಾನು ಮತ್ತೆ ಹಾಕಲಿಲ್ಲ. ದಿನವೂ ಕಂಪ್ಯೂಟರಿನ ಮುಂದೆ ಕೂರುವುದು ನನ್ನ ಹೆಣ್ಣುಮಕ್ಕಳ ಫೋಟೋ ನೋಡಲು ಇರಬೇಕು ಎಂದುಕೊಂಡಿದ್ದೆ.

"ಯಾವತ್ತಿಂದ ಬತ್ತಾ ಐತೆ ಇದು?" ಎಂದು ಕೇಳಿದೆ. ಕೈಯಲ್ಲೇ ತೋರಿಸಿದಳು, ಬಹಳ ದಿನದಿಂದ. ಮತ್ತೆ ಅಂಗೈಯನ್ನು ಕೆಳಮುಖವಾಗಿ ಹಿಡಿದು ಮೆಲ್ಲಗೆ ತಗ್ಗಿಸಿದಳು. ಮುಟ್ಟಬೇಡ, ಮಲಗಲಿ ಎನ್ನುವ ಆ ಸನ್ನೆಯನ್ನು ಹುಳು ಸಾಕುವವರಿಗೆ ಹೇಳಿಕೊಡಬೇಕಾಗಿಲ್ಲ. ಹುಳುಗಳು ಪೊರೆ ಬಿಡುವ ಹೊತ್ತಿನಲ್ಲಿ ಮೇವು ಬಿಟ್ಟು, ತಲೆ ಎತ್ತಿ, ಸತ್ತಂತೆ ಕೂರುತ್ತವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ತಟ್ಟೆ ಅಲ್ಲಾಡಿಸಬಾರದು. ತಾವಾಗಿಯೇ ಹೊಸ ಚರ್ಮದಲ್ಲಿ ಏಳುತ್ತವೆ. ಮುಟ್ಟಿದವನೇ ಬೆಳೆ ಕೆಡಿಸುವವನು. ಹುಟ್ಟಿದಾಗಿನಿಂದ ಇದನ್ನೇ ನೋಡಿದ ಅಕ್ಕ ಕಂಪ್ಯೂಟರಿಗೂ ಅದನ್ನೇ ಮಾಡಿದ್ದಳು. ಎಚ್ಚರಿಕೆ ಬಂದಾಗೆಲ್ಲ ಒಂದೆರಡು ದಿನ ಆರಿಸಿ, ಬಟ್ಟೆ ಹೊದಿಸಿ ಬಿಟ್ಟಿದ್ದಳಂತೆ. ಮತ್ತೆ ಹಾಕಿದರೆ ಹೇಗೋ ಏಳುತ್ತಿತ್ತು. ಎದ್ದಿತಲ್ಲ, ಇನ್ನೇನು ಎಂದು ಸುಮ್ಮನಾಗಿದ್ದಳು.

ನನಗೆ ಸಿಟ್ಟು ನೆತ್ತಿಗೇರಿತು. "ಹುಳ ಅಲ್ಲ ಕಣಕ್ಕ ಇದು! ನನ್ನನ್ನ ಒಂದ್ಮಾತು ಕೇಳ್ಬಾರ್ದಿತ್ತಾ?" ಎಂದು ಕೂಗಾಡಿದೆ. ಒಂದು ಮಾತು ಎಂದದ್ದು ಬಾಯಿಂದ ಹೊರಬಿದ್ದ ಮೇಲೆ ಕೇಳಿಸಿತು. ಮಾತಿಲ್ಲದವರ ಜೊತೆ ಜಗಳಕ್ಕೆ ಇಳಿಯುವುದು ಎಂಥ ಹೇಸಿಗೆ ಕೆಲಸ! ಎದುರಿನಿಂದ ಒಂದು ಬೈಗುಳವಾದರೂ ಬಂದಿದ್ದರೆ ನನ್ನ ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತು.

ಇನ್ನೂ ಒಂದು ಆಸೆ ಇತ್ತು. ವರ್ಷವಿಡೀ ಪಕ್ಕದ ಹುಳುಮನೆಯ ಬ್ಲೀಚಿಂಗ್ ಗಾಳಿ ಕುಡಿಯುವ ಕೋಣೆ ಅದು, ಕಿಟಕಿಯ ಸರಳೂ ತುಕ್ಕು ಹಿಡಿದಿದೆ. ಡಿಸ್ಕಿಗೆ ಹೋಗುವ ವೈರಿನ ತುದಿಯೂ ಹಾಗೇ ಆಗಿರಬಹುದಲ್ಲ? ಕಂಪ್ಯೂಟರಿನ ಡಬ್ಬ ಬಿಚ್ಚಿ, ವೈರು ಕಿತ್ತು, ಒಣಬಟ್ಟೆಯಲ್ಲಿ ಒರೆಸಿ, ಬೇರೆ ವೈರು ಹಾಕಿ, ಸಿಕ್ಕಿಸುವ ಜಾಗವನ್ನೂ ಬದಲಿಸಿ ನೋಡಿದೆ. ಅದೇ ಅಕ್ಷರ ಬಂದು ನಿಂತಿತು. ಕಿವಿ ಹತ್ತಿರ ಇಟ್ಟರೆ ಒಳಗೆ ಟಿಕ್ ಟಿಕ್ ಎಂಬ ಸದ್ದು, ಆಗಾಗ ನಿಲ್ಲುವುದು, ಮತ್ತೆ ಶುರುವಾಗುವುದು. ಆ ಸದ್ದು ಕೇಳಿದ ಮೇಲೆ ಮತ್ತೆ ಹಾಕುವ ಧೈರ್ಯ ಬರಲಿಲ್ಲ.

ಚನ್ನಪಟ್ಟಣದಲ್ಲಿ ಬಸ್ಸು ಬದಲಿಸಿ ರಾಮನಗರಕ್ಕೆ ಹೋದೆವು. ರೇಷ್ಮೆ ಗೂಡು ಮಾರಲು ಹೋದಾಗೆಲ್ಲ ನೋಡಿದ್ದ ಒಂದು ಕಂಪ್ಯೂಟರ್ ಅಂಗಡಿ ಮಾರ್ಕೆಟ್ಟಿನ ದಾರಿಯಲ್ಲಿದೆ. ಬೇಡವೆಂದರೂ ಅಕ್ಕ ಹೊರಟಳು. ತೊಡೆಯ ಮೇಲೆ ಟವಲು ಮಡಿಸಿಟ್ಟು, ಅದರ ಮೇಲೆ ಡಬ್ಬ ಇಟ್ಟುಕೊಂಡು, ಬಸ್ಸು ಹಳ್ಳಕ್ಕಿಳಿದಾಗೆಲ್ಲ ಎರಡೂ ಕೈಯಲ್ಲಿ ಎತ್ತಿ ಹಿಡಿಯುತ್ತಿದ್ದಳು. ದಾರಿಯುದ್ದಕ್ಕೂ ನನ್ನ ಮುಖ ನೋಡಲಿಲ್ಲ.

ಅಂಗಡಿಯವನು ನನ್ನ ವಾರಗೆಯವನೇ, ನೇರ ಮಾತಿನ ಮನುಷ್ಯ. ಡಿಸ್ಕು ಬಿಚ್ಚಿ ತನ್ನ ಕಂಪ್ಯೂಟರಿಗೆ ಸಿಕ್ಕಿಸಿ ಏನೋ ಪರೀಕ್ಷೆ ಹಾಕಿದ. ಪರದೆಯಲ್ಲಿ ಕೆಂಪು ಸಾಲುಗಳು ಎದ್ದವು.

"ವೈರಲ್ಲ ಅಣ್ಣ, ಡಿಸ್ಕೇ ಹೋಯ್ತಾ ಐತೆ."

"ರಿಪೇರಿ ಆಯ್ತದಾ?"

"ರಿಪೇರಿ ಅಂತ ಈಗ ಕೈ ಹಾಕುದ್ರೆ ಇರೋದೂ ಹೋಯ್ತದೆ. ಬದುಕಿರೋವಾಗ್ಲೇ ಬೇಕಾದ್ದ ಎತ್ಕೊಬೇಕು. ಯಾವ್ದು ಮೊದ್ಲು ಅಂತ ನೀವೇ ಹೇಳಿ. ಎಲ್ಲಿಗಂಟ ಎಳೀತದೋ ನಂಗೊತ್ತಿಲ್ಲ."

ಯೋಚನೆ ಮಾಡುವಂಥದ್ದು ಏನಿತ್ತು? ಧಾರೆಯ ಪದ ಮೊದಲು, ಆಮೇಲೆ ಹೆಣ್ಣು ಒಪ್ಪಿಸುವ ಪದ, ಆಮೇಲೆ ಉಳಿದದ್ದು ಎಂದೆ. ಅವನು ಮೌಸು ಹಿಡಿದ. ಅಕ್ಕ ಎದ್ದು ಬಂದು ಅವನ ಕೈ ಹಿಡಿದುಕೊಂಡಳು. ಪರದೆಯ ಮೇಲೆ ಸಾಲಾಗಿದ್ದ ಫೈಲುಗಳಲ್ಲಿ ಕಟ್ಟಕಡೆಯದನ್ನು ಬೆರಳಿಟ್ಟು ತೋರಿಸಿದಳು.

ಅದು ಹಾಡಲ್ಲ ಎಂದು ನನಗೆ ಗೊತ್ತಿತ್ತು. ಹಾಡು ಮುಗಿದ ಮೇಲೂ ಮೊಬೈಲು ಆರಿಸುವುದನ್ನು ಮರೆತು, ಸುಮ್ಮನೆ ಹಿಡಿದುಬಿಟ್ಟಿದ್ದ ಹರಟೆ. ಅಳಿಸಬೇಕೆಂದು ಅಂದುಕೊಂಡು ಅಳಿಸದೆ ಬಿಟ್ಟದ್ದು. "ಅದ್ರಲ್ಲೇನೈತಕ್ಕ? ಪದ ಹೋಗ್ಬುಡ್ತವೆ, ಪದ!" ಎಂದೆ. ಅವಳು ತಲೆ ಅಲ್ಲಾಡಿಸಿದಳು. ಅಂಗಡಿಯವನು ನಮ್ಮಿಬ್ಬರನ್ನೂ ನೋಡಿದ. ಆಪರೇಷನ್ನಿನ ತೂತು ಮುಚ್ಚಲು ಅವಳು ಕತ್ತಿಗೆ ಕಟ್ಟಿಕೊಂಡಿದ್ದ ಬಟ್ಟೆಯನ್ನೂ ನೋಡಿದ.

"ಯಾರ್ದಣ್ಣ ದನಿ?"

"ಅಕ್ಕನ್ದು."

"ಅಂಗಾರೆ ಅವ್ರು ಹೇಳಿದ್ದೇ ಆಗ್ಲಿ" ಎಂದು ಅದನ್ನೇ ಎಳೆದ. ಅರ್ಧಕ್ಕೆ ನಿಂತಿತು. ಡಿಸ್ಕು ಕಟಕಟ ಎಂದಿತು. ಅಕ್ಕ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಂಡುತ್ತಿದ್ದಳು. ಎಷ್ಟೋ ಹೊತ್ತಿನ ಮೇಲೆ ಪೂರ್ತಿ ಬಂತು. ಆಮೇಲೆ ಪದಗಳನ್ನು ಎಳೆಯತೊಡಗಿದ. ಮೂರನೆಯದರ ನಡುವೆ ಡಿಸ್ಕು ಒಮ್ಮೆ ಜೋರಾಗಿ ಕಿರುಗುಟ್ಟಿ ಸುಮ್ಮನಾಯಿತು. ಆರಿಸಿ, ತಣ್ಣಗಾಗಲು ಬಿಟ್ಟು, ಮತ್ತೆ ಹಾಕಿದ. ಡಿಸ್ಕು ಇರುವುದೇ ಕಂಪ್ಯೂಟರಿಗೆ ಗೊತ್ತಾಗಲಿಲ್ಲ. ಧಾರೆಯ ಪದ ಉಳಿಯಿತು, ಹೆಣ್ಣು ಒಪ್ಪಿಸುವ ಪದವೂ ಉಳಿಯಿತು. ಮಿಕ್ಕವೆಲ್ಲ ಹೋದವು. ಅವಳ ಮೇಲೆ ಎಷ್ಟು ಕೋಪ ಬಂತೆಂದರೆ ಎದ್ದು ಬಾಗಿಲ ಹತ್ತಿರ ಹೋಗಿ ನಿಂತೆ.

"ಸರಿಯಾಗಿ ಬಂದೈತಾ ನೋಡಾನ ಇರಿ" ಎಂದು ಅಂಗಡಿಯವನು ಅವಳು ಬೆರಳಿಟ್ಟು ತೋರಿಸಿದ್ದನ್ನು ಹಾಕಿದ.

"ಆಯ್ತೇನ್ಲಾ ನಿನ್ ರೆಕಾಡು? ಹುಳಕ್ಕೆ ಸೊಪ್ಪು ಹಾಕೋರ್ಯಾರು? ಎದ್ದೋಗ್ಲಾ!"

ಅಕ್ಕನ ದನಿ. ತಿರುಗಿ ನೋಡಿದೆ. ಅವಳ ತುಟಿ ಆ ದನಿಯ ಜೊತೆಗೇ ಆಡುತ್ತಿತ್ತು. ಒಂದಕ್ಷರ ಹಿಂದಿಲ್ಲ, ಮುಂದಿಲ್ಲ. ಅಲ್ಲಿಗೆ ತುಟಿ ನಿಂತಿತು. ಕಣ್ಣಲ್ಲಿ ನಗು ತುಂಬಿಕೊಂಡು ಕಾಯುತ್ತಿದ್ದಳು. ಆಗ ಸ್ಪೀಕರಿನ ಪೆಟ್ಟಿಗೆಯೊಳಗಿಂದ ನನ್ನ ದನಿ ಬಂತು, ಅವಳನ್ನು ಕಿಚಾಯಿಸುತ್ತ.

ಆಪರೇಷನ್ ಆದ ಮೇಲೆ ಅಕ್ಕನ ಜೊತೆ ನಾನು ಹಾಗೆ ಮಾತಾಡಿಯೇ ಇರಲಿಲ್ಲ. ಔಷಧಿ ಆಯಿತಾ, ಊಟ ಆಯಿತಾ, ಅಷ್ಟೇ. ಅವಳಿಗೆ ಮಾತು ಹೋದದ್ದಕ್ಕೆ ನಾನೂ ಬಾಯಿ ಮುಚ್ಚಿಕೊಂಡಿದ್ದೆ. ದಿನಾ ಆ ಕೋಣೆಯಲ್ಲಿ ಕೂತು, ಇದನ್ನೇ ಹಾಕಿಕೊಂಡು ಅವಳು ನನ್ನ ಜೊತೆ ಮಾತಾಡುತ್ತಿದ್ದಳು, ಪಕ್ಕದ ಹುಳುಮನೆಯಲ್ಲೇ ನಾನಿದ್ದೆ. ಅಂಗಡಿಯ ಬಾಗಿಲಲ್ಲಿ ನನಗೆ ಅಳು ಬಂತು.

ಅಕ್ಕ ಮತ್ತೊಮ್ಮೆ ಹಾಕು ಎಂದು ಬೆರಳು ತೋರಿಸಿದಳು. ಅವನು ಹಾಕಿದ. ಅವಳ ತುಟಿ ಆಡಿತು, ನಿಂತಿತು. ಪೆಟ್ಟಿಗೆಯೊಳಗಿನವನು ಬಾಯಿ ತೆಗೆಯುವ ಮೊದಲೇ ನಾನು ಹೇಳಿದೆ:

"ಬತ್ತೀನಿ ಇರಕ್ಕ, ನಿನ್ ಹುಳ ಏನ್ ಎದ್ದು ಓಡೋಯ್ತವಾ?"