ಒಂದು ನಿಮಿಷಕ್ಕೆ ಎಷ್ಟು ಪ್ರಾಣಿ

ಅವ್ವನಿಗೆ ಎಪ್ಪತ್ತೆರಡು ತುಂಬಿದ ವರ್ಷ. ಒಂದು ಬೆಳಿಗ್ಗೆ ಹೊಲದಲ್ಲಿ ಕೋಸು ಕೊಯ್ಯುತ್ತಿದ್ದವಳ ಬಲಗೈಯಿಂದ ಕುಡುಗೋಲು ಜಾರಿತು. ಎತ್ತಿಕೊಳ್ಳಲು ಹೋದರೆ ಬೆರಳು ಮಡಚಲಿಲ್ಲ. ನನ್ನನ್ನು ಕೂಗಿದಳು; ಬಂದದ್ದು ಬರೀ ತೊದಲು. ತಾಳವಾಡಿಯಲ್ಲಿ ವ್ಯಾನು ಹಿಡಿದು ಚಾಮರಾಜನಗರದ ಆಸ್ಪತ್ರೆಗೆ ಸೇರಿಸಿದೆವು. ಪಾರ್ಶ್ವವಾಯು ಅಂದರು. ಬೇಗ ಕರೆತಂದದ್ದು ಒಳ್ಳೆಯದಾಯಿತಂತೆ.

ಮನೆಗೆ ಬಂದ ಮೇಲೆ ನನ್ನ ಹೆಂಡತಿ ದಿನವೂ ಅವ್ವನ ಮುಂದೆ ಅವರೆಕಾಯಿ ಸುರಿದು ಬಲಗೈಯಲ್ಲೇ ಬಿಡಿಸಲು ಹೇಳುತ್ತಿದ್ದಳು. ಮೊದಲ ವಾರ ಒಂದು ಹಿಡಿ, ಆಮೇಲಾಮೇಲೆ ಒಂದು ಮೊರ. ಮಾತೂ ಮರಳಿತು. ಆದರೆ ಒಮ್ಮೊಮ್ಮೆ ಮಾತಿನ ನಡುವೆ ಸುಮ್ಮನೆ ನಿಂತುಬಿಡುತ್ತಿದ್ದಳು. ಅದೇ ನನಗೆ ಭಯ.

ಆರು ತಿಂಗಳ ಮೇಲೆ ಮೈಸೂರಿಗೆ ಕರೆದೊಯ್ದೆ. ತಲೆಯ ಸ್ಕ್ಯಾನ್ ಆಯಿತು, ನಾಲ್ಕು ಸಣ್ಣ ಸೀಸೆ ರಕ್ತ ತೆಗೆದರು.

"ಇಷ್ಟ್ ನೆತ್ರ ತಕ್ಕಂಡು ಏನ್ ಮಾಡೀಯವ್ವ?" ಅವ್ವ ನರ್ಸನ್ನು ಕೇಳಿದಳು.

ಉತ್ತರ ಕೊಟ್ಟದ್ದು ಮಧ್ಯಾಹ್ನ, ವರದಿ ನೋಡಿದ ಡಾಕ್ಟರಮ್ಮ. ಸ್ಕ್ಯಾನಿನಲ್ಲಿದ್ದ ಬಿಳಿ ಮಚ್ಚೆಗಳನ್ನು ತೋರಿಸಿದರು.

"ಅಜ್ಜಿ, ನಿಮ್ಮ ಮಿದುಳಿನ ದೊಡ್ಡ ರಕ್ತನಾಳಗಳು ಚೆನ್ನಾಗಿವೆ. ಕೂದಲೆಳೆಯಂಥ ಸಣ್ಣವು ಬಿಪಿಯಿಂದ ಸವೆದಿವೆ. ಅದರ ಗುರುತು ರಕ್ತದಲ್ಲೂ ಸಿಗುತ್ತಾ ಅಂತ ನೋಡ್ತಿದ್ದೀವಿ. ಉರಿಯೂತದ ಅಂಶ ನಿಮಗೆ ಸ್ವಲ್ಪ ಜಾಸ್ತಿ ಇದೆ. ಅದೊಂದರಿಂದಲೇ ಏನೂ ಹೇಳೋಕಾಗಲ್ಲ."

ಅವ್ವ ನನ್ನ ಕಡೆ ತಿರುಗಿದಳು. "ನಮ್ ಒಲದ್ ಡ್ರಿಪ್ಪು ಇದ್ದಂಗೆ ಕಣ್ಲಾ. ದೊಡ್ ಪೈಪಲ್ಲಿ ನೀರು ಬತ್ತದೆ, ಸಣ್ ತೂತು ಕಟ್ಕತದೆ, ಕೊನೆ ಗಿಡ ಬಾಡ್ತದೆ."

ಡಾಕ್ಟರಮ್ಮ ನಕ್ಕರು. "ಇನ್ಮೇಲೆ ಎಲ್ಲರಿಗೂ ಹೀಗೇ ಹೇಳ್ತೀನಿ." ಆಮೇಲೆ ಗಡಿಯಾರ ಮುಂದಿಟ್ಟುಕೊಂಡರು. ಈ ಕಾಯಿಲೆಯಲ್ಲಿ ಯೋಚನೆ ನಿಧಾನವಾಗುವುದುಂಟು, ಅದನ್ನು ನೋಡಬೇಕಂತೆ. "ಒಂದು ನಿಮಿಷದಲ್ಲಿ ಎಷ್ಟು ಪ್ರಾಣಿಗಳ ಹೆಸರು ಬರುತ್ತೋ ಹೇಳಿ."

ಅವ್ವ ಸುಮ್ಮನೆ ಕುಳಿತಳು. ನಾನು ಗಡಿಯಾರದ ಮುಳ್ಳನ್ನೇ ನೋಡಿದೆ.

"ಆನೆ," ಅಂದಳು ಕೊನೆಗೆ. "ಓದ್ ತಿಂಗ್ಳು ನಮ್ ಕೋಸ್ನೆಲ್ಲ ತಿನ್ಕಂಡೋಯ್ತು. ಕಾಡಂದಿ, ಗೆಣಸ್ಗ ಬತ್ತದೆ. ಕಾಟಿ, ಜಿಂಕೆ, ಕಡವೆ, ಮೊಲ, ನರಿ, ಕರಡಿ. ಚಿರತೆ, ನಮ್ ನಾಯ್ನ ಒತ್ಕಂಡೋದ್ದು..."

"ಅಜ್ಜಿ, ಹೆಸರು ಮಾತ್ರ ಸಾಕು!"

"ಬರೀ ಎಸ್ರು ಯೋಳುದ್ರ ಯಾವ್ದು ಅಂತ ನಿಮ್ಗ ಯಂಗ್ ಗೊತ್ತಾಯ್ತದೆ?"

ನಿಮಿಷ ಮುಗಿದರೂ ನಿಲ್ಲಿಸಲಿಲ್ಲ. "ತಡೀರವ್ವ, ಕೋತಿ ಇನ್ನೂ ಉಳ್ಕಂಡದೆ!" ಡಾಕ್ಟರಮ್ಮ ಕಣ್ಣೊರೆಸಿಕೊಳ್ಳುವಷ್ಟು ನಕ್ಕರು. ನಾನೂ ನಕ್ಕೆ, ಆರು ತಿಂಗಳಲ್ಲಿ ಅಷ್ಟು ನಕ್ಕಿರಲಿಲ್ಲ. ಬುದ್ಧಿ ಚುರುಕಾಗಿದೆ, ಬಿಪಿ ಮಾತ್ರೆ ತಪ್ಪಿಸಬೇಡಿ, ಉಪ್ಪು ಕಡಿಮೆ ಮಾಡಿ, ನಡೆಯಿರಿ ಎಂದು ಕಳಿಸಿದರು.

ಇದಾಗಿ ಎರಡು ವರ್ಷ. ಉಪ್ಪಿನಕಾಯಿ ಭರಣಿಗಾಗಿ ಅತ್ತೆ ಸೊಸೆಗೆ ಜಗಳ ಇದ್ದೇ ಇದೆ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಲ್ಲ. ಹೋದ ವಾರ ನನ್ನ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕಿದೆವು. ಯಾರೋ ಅವ್ವನ ಎಡಗೈಗೆ ಮಗು ಕೊಡಲು ಹೋದರು.

"ಬಲಗೈಗೇ ಕೊಡ್ರವ್ವ," ಅಂದಳು. ಕೊಟ್ಟರು. ಮಗು ಅವಳ ಸೆರಗು ಹಿಡಿದು ನಿದ್ದೆ ಹೋಯಿತು.