ಹುಣಸೆ ಪೊಟರೆಯ ಜೇಡ

ರಾಣೆಬೆನ್ನೂರಿನ ಕಾಲೇಜೊಂದರಲ್ಲಿ ನಾನು ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಹೀಗಾಗಿ ಮನೆಯಲ್ಲಿ ಯಾರಿಗೆ ಯಾವ ಹುಳ ಕಚ್ಚಿದರೂ ಮೊದಲ ಫೋನು ನನಗೇ. ಹೋದ ಬೇಸಿಗೆಯಲ್ಲಿ ಬ್ಯಾಡಗಿಯಿಂದ ಮಾಮಾ, ಅಂದರೆ ಅಕ್ಕನ ಗಂಡ, ಫೋನು ಮಾಡಿದರು.

“ನಿಮ್ಮಕ್ಕಗ ಜೇಡರ ಹುಳ ಕಡದೈತಿ. ಅಂಗೈಯಷ್ಟು ಐತಿ ನೋಡವಾ. ಜೀವಕ್ಕೇನರ ಆಕ್ಕೈತೇನು?”

ಹಿತ್ತಲಿನ ಹುಣಸೆ ಮರದ ಪೊಟರೆಯಲ್ಲಿ ಸಿಕ್ಕಿಕೊಂಡ ಕಾಯಿ ತೆಗೆಯಲು ಅಕ್ಕ ಕೈ ಹಾಕಿದ್ದಳಂತೆ.

“ಏನೂ ಆಗೂದಿಲ್ಲ. ಲಗೂ ಹಾವೇರಿ ದವಾಖಾನಿಗೆ ಕರ್ಕೊಂಡ್ ಬರ್ರಿ,” ಎಂದೆ. ಯಾವ ಧೈರ್ಯದ ಮೇಲೆ ಹಾಗೆಂದೆನೋ. ನಾನೂ ಹಾವೇರಿಯ ಬಸ್ಸು ಹತ್ತಿದೆ.

ನಾನು ತಲುಪುವಷ್ಟರಲ್ಲಿ ಅಕ್ಕನ ತೋಳು ಹುರಿಗಟ್ಟಿ, ಸೆಳೆತ ಹೆಗಲಿಗೇರಿತ್ತು. ಮಾಮಾ ಹುಳವನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದು ತಂದಿದ್ದರು.

“ಯಾವ ಜಾತಿದು ಅಂತ ಹೇಳ್ತೀರೇನ್ರಿ ಮೇಡಂ?” ಡಾಕ್ಟರು ಕೇಳಿದರು.

ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಅದು ಮುಂಗಾಲೆತ್ತಿ ಗಾಜಿಗೆ ಬಡಿಯಿತು, ಬಾಟಲಿ ಕೈಜಾರುವುದರಲ್ಲಿತ್ತು. ಕಾಲಿನ ಒಳಬದಿ ಅರಿಸಿನದಷ್ಟು ಹಳದಿ. ವಿಷದ ಹಲ್ಲುಗಳು ಸಾಮಾನ್ಯ ಜೇಡದಂತೆ ಅಡ್ಡಡ್ಡ ಕೂಡುತ್ತಿರಲಿಲ್ಲ, ಮೇಲಿನಿಂದ ಕೆಳಗೆ ಇಳಿಯುತ್ತಿದ್ದವು. ಹಾಗಾದರೆ ಟರಾಂಟುಲಾ ಎಂಬ ದೊಡ್ಡ ಜೇಡ, ಥೆರಫೋಸಿಡೆ ಕುಟುಂಬದ್ದು. ಮರದ ಪೊಟರೆಯಲ್ಲಿ ಇರುವುದರಿಂದ ಪೊಯಿಸಿಲೊಥೀರಿಯಾ ಕುಲ. ಪ್ರಭೇದ ರೆಗಾಲಿಸ್ ಇರಬೇಕು ಅನ್ನಿಸಿತು, ಖಾತ್ರಿಯಾಗಲಿಲ್ಲ. ಡಾಕ್ಟರಿಗೆ ಹಾಗೆಯೇ ಹೇಳಿದೆ.

“ಹಾವಿಗಿದ್ದಂಗ ಇದಕ್ಕ ಪ್ರತಿವಿಷ ಇಲ್ಲರಿ,” ಎಂದರು ಡಾಕ್ಟರು. “ನೋವಿಗೆ, ಸೆಳೆತಕ್ಕ ಔಷಧ ಕೊಡ್ತೇವಿ. ಕಾದು ನೋಡಬೇಕು.”

ಇದು ಕಚ್ಚಿ ಸತ್ತವರ ಬಗ್ಗೆ ನಾನೆಲ್ಲೂ ಓದಿಲ್ಲ ಎಂದು ಮಾಮಾಗೆ ಹೇಳಿದೆ. ನಾನು ಓದದೇ ಉಳಿದದ್ದು ಎಷ್ಟೋ ಇದೆ ಎಂಬುದನ್ನು ಹೇಳಲಿಲ್ಲ.

ಅಕ್ಕ ನನ್ನನ್ನು ಹತ್ತಿರ ಕರೆದಳು. “ಖರೇ ಹೇಳ ತಂಗೀ, ನಾ ಉಳೀತೇನಿಲ್ಲೋ?”

“ಉಳೀತಿ.”

“ಕಾಲೇಜ ಹುಡುಗ್ರಿಗೆ ಹೇಳಿದಂಗ ಹೇಳಬ್ಯಾಡ.”

“ಹುಳದ ಹೆಸರು ಗೊತ್ತಾಗೇತಿ ಅಕ್ಕಾ. ಮುಂದ ಹೆಂಗಂತ ಪೂರಾ ಗೊತ್ತಿಲ್ಲ. ನನಗೂ ಅಂಜಿಕಿ ಆಗೇತಿ.”

ಅವಳು ನನ್ನ ಬೆರಳು ಹಿಡಿದುಕೊಂಡಳು.

ಮೂರನೆಯ ದಿನ ಮನೆಗೆ ಕಳಿಸಿದರು. ಐದನೆಯ ದಿನ ಸೆಳೆತ ಕಾಲಿನ ಮೀನಖಂಡಕ್ಕೆ ಬಂತು. ಮತ್ತೆ ದವಾಖಾನೆ, ಮತ್ತೆ ಕಾಯುವುದು. ರಜೆ ಹಾಕಿ ಅವಳ ಹತ್ತಿರವೇ ಕುಳಿತೆ. ಎರಡು ವಾರದ ಮೇಲೆ ಒಂದು ಭಾನುವಾರ ಬ್ಯಾಡಗಿಗೆ ಹೋದಾಗ ಅಕ್ಕ ಅದೇ ಕೈಯಿಂದ ರೊಟ್ಟಿ ಬಡಿಯುತ್ತಿದ್ದಳು. ನಡುವೆ ಎರಡು ಸಲ ಬೆರಳು ಕೊಡವಿದಳು. ನಾನು ನೋಡುತ್ತಿರುವುದನ್ನು ಕಂಡು, “ಏನಿಲ್ಲ, ಹಿಟ್ಟು ಅಂಟೇತಿ,” ಎಂದಳು.